ನಡುಮನೆಯಲ್ಲಿ ಡೇರೆ

ಹೊರದೇಶದ ಒಂದು ಸರೋವರದ ದಡದಲ್ಲಿ ಡೇರೆ ಹಾಕಿಕೊಂಡು ನಾವು ರಜೆ ಕಳೆಯಬೇಕೆಂದು ನಾನು ಘೋಷಿಸಿದಾಗ, ನನ್ನ ಹೆಂಡತಿ ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. (ಅವಳು ಆಸ್ಪತ್ರೆಯಲ್ಲಿ ನರ್ಸು. ನನ್ನ ಮಹತ್ವಾಕಾಂಕ್ಷೆಗಳನ್ನೆಲ್ಲ ಅವಳು ಮೊದಲು ಜ್ವರದ ಲೆಕ್ಕಕ್ಕೇ ಸೇರಿಸುವುದು.)

ನಾನು ಶಾಲೆಯ ಡ್ರಿಲ್ ಮಾಸ್ತರು. ಇಡೀ ಮೈದಾನವನ್ನು ಒಂದು ವಿಷಲ್‌ನಲ್ಲಿ ನೆಟ್ಟಗೆ ನಿಲ್ಲಿಸುವ ಆಸಾಮಿ. ಆ ವಿಷಲ್ ನನ್ನ ಕೊರಳಲ್ಲಿ ನೇತಾಡುವುದಕ್ಕಿಂತ ಹಲ್ಲಿನ ನಡುವೆ ಇರುವುದೇ ಹೆಚ್ಚು. ಪೇಪರ್ ಓದುವಾಗ, ಟೀವಿ ನೋಡುವಾಗ ಅದು ಬಾಯಲ್ಲಿ ಇಲ್ಲದಿದ್ದರೆ ನನಗೆ ಏನೋ ಕಳೆದುಕೊಂಡಂತಾಗುತ್ತದೆ. "ಮದುವೆ ಫೋಟೋದಲ್ಲಾದ್ರೂ ಅದನ್ನ ತೆಗೀಬಾರದಿತ್ತಾ" ಎಂಬುದು ಹೆಂಡತಿಯ ಹಳೆಯ ದೂರು.

ಪಾಸ್‌ಪೋರ್ಟ್ ಬಂತು, ವೀಸಾ ಬಂತು, ಡೇರೆಯೂ ಬಂತು. ಹೆಂಡತಿ ಮಾತ್ರ ದಾರಿಗೆ ಬರಲಿಲ್ಲ. ಅದಕ್ಕೆ ಕಾರಣ ಅವಳ ತಮ್ಮ. ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸ ಮಾಡುವ ಈ ಮಹಾಶಯ, ಅದೇ ಸರೋವರದ ಪಕ್ಕ ಒಂದು ಹೋಟೆಲಿದೆಯೆಂದು ಅವಳ ಕಿವಿ ಊದಿದ್ದ.

"ಮೆತ್ತನೆ ಹಾಸಿಗೆ, ಬಿಸಿನೀರು. ಕಿಟಕಿಯಿಂದಲೇ ಸರೋವರ ಕಾಣತ್ತೆ ಭಾವ."

"ಕಿಟಕಿಯಿಂದ ನೀರು ನೋಡೋಕೆ ಅಷ್ಟು ದೂರ ಯಾಕಪ್ಪಾ ಹೋಗ್ಬೇಕು? ಎದುರುಮನೆ ಟ್ಯಾಂಕ್ ತುಂಬಿ ಸುರಿಯೋದು ಇಲ್ಲಿಂದಲೇ ಕಾಣತ್ತೆ."

"ರೀ, ಮಕ್ಕಳಿನ್ನೂ ಚಿಕ್ಕವು" ಎಂದು ಹೆಂಡತಿ ನಡುವೆ ಬಂದಳು. "ಗಟ್ಟಿ ನೆಲದ ಮೇಲೆ ನಿದ್ದೆ ಬರದೆ ರಂಪ ಮಾಡಿದ್ರೆ ಪರದೇಶದಲ್ಲಿ ಏನು ಮಾಡ್ತೀರಿ?"

"ಮನೆ ಗೆದ್ದು ಮಾರು ಗೆಲ್ಲು ಅಂತಾರಲ್ಲ, ಹಾಗೇ ಮಾಡೋಣ. ಭಾನುವಾರ ನಡುಮನೆಯಲ್ಲೇ ಟೆಂಟ್ ಹಾಕ್ತೀನಿ. ತಿಂಡಿ ತಿಂದು ಒಳಗೆ ಹೋದ್ರೆ ಸಂಜೆ ದೀಪ ಹಚ್ಚೋವರೆಗೂ ಯಾರೂ ಹಾಸಿಗೆ ಮುಟ್ಟಬಾರದು."

"ಮುಟ್ಟಿದ್ರೆ?"

"ಯಾರೇ ಮುಟ್ಟಲಿ, ನಿನ್ನ ತಮ್ಮನ ಹೋಟೆಲಿಗೇ ಹೋಗೋಣ. ನಾನು ತುಟಿಪಿಟಕ್ ಅನ್ನಲ್ಲ."

ಹೀಗೆ ನನ್ನ ಸರೋವರವನ್ನೇ ಪಣಕ್ಕಿಟ್ಟೆ. ಒಳಗೊಳಗೆ ನನಗೊಂದು ಧೈರ್ಯವಿತ್ತು. ಮಕ್ಕಳನ್ನು ವಿಷಲ್ ಹಿಡಿದಿಡುತ್ತದೆ. ದಿಂಬು ಕಂಡರೆ ಕರಗುವವಳು ಹೆಂಡತಿಯೊಬ್ಬಳೇ, ಅವಳನ್ನು ಕಾದರೆ ಸಾಕು ಎಂದುಕೊಂಡಿದ್ದೆ.

ಭಾನುವಾರ ಸೋಫಾವನ್ನು ಮಲಗುವ ಕೋಣೆಗೆ ತಳ್ಳಿದೆ. ಡೇರೆಯ ಗೂಟ ಹೊಡೆಯೋಣವೆಂದರೆ ನೆಲಕ್ಕೆ ಟೈಲ್ಸ್. ಹಾಗಾಗಿ ಒಂದು ಹಗ್ಗವನ್ನು ಕಿಟಕಿಯ ಸರಳಿಗೂ ಒಂದನ್ನು ಊಟದ ಮೇಜಿಗೂ ಇನ್ನೊಂದನ್ನು ಫ್ರಿಜ್ಜಿನ ಹಿಡಿಗೂ ಬಿಗಿದೆ. ಡೇರೆ ಎದ್ದು ನಿಂತಿತು. ಅಷ್ಟರಲ್ಲಿ ಹೆಂಡತಿ ಬೆಣ್ಣೆಗೆಂದು ಫ್ರಿಜ್ ತೆಗೆದಳು. ಡೇರೆ ನನ್ನ ತಲೆಯ ಮೇಲೆ ಮಲಗಿತು.

ನಮ್ಮ ಹಿರಿಯ ಮಗನಿಗೆ ಮನೆಯಲ್ಲಿ 'ಪ್ರಶ್ನೆಪತ್ರಿಕೆ' ಎಂದು ಹೆಸರು. ನಾನು ಬಟ್ಟೆಯೊಳಗೆ ಒದ್ದಾಡುತ್ತಿರುವಾಗಲೇ ಅವನು ಶುರುಮಾಡಿದ.

"ಅಪ್ಪ, ಆ ದೇಶದ ಸೊಳ್ಳೆಗೆ ನಮ್ಮ ಭಾಷೆ ಬರತ್ತಾ?"

"ಕಚ್ಚೋಕೆ ಭಾಷೆ ಬೇಕಾಗಿಲ್ಲ ಕಣೋ. ಆ ಕಂಬ ಹಿಡ್ಕೋ."

ಅವನ ಹಿಂದೆ ಅವನ ತಂಗಿ. ಅಣ್ಣ ಹೋದಲ್ಲೆಲ್ಲ ಹೋಗುವುದರಿಂದ ಅವಳು 'ಬಾಲ'. ಇಬ್ಬರಿಗೂ ಅಪಾಯದ ಡ್ರಿಲ್ ಕಲಿಸಿದೆ. ವಿಷಲ್ ಉದ್ದಕ್ಕೆ ಕೂಗಿದರೆ ಬೂಟು ಹಾಕಿಕೊಂಡು, ಟಾರ್ಚ್ ಹಿಡಿದು, ಸದ್ದು ಬಂದ ಕಡೆಗೆ ಓಡಿಬಂದು ಸಾಲಾಗಿ ನಿಲ್ಲಬೇಕು. ಬಾಲ ಬೂಟನ್ನು ಅದಲುಬದಲು ಹಾಕಿಕೊಳ್ಳುತ್ತಿದ್ದಳು, ಆದರೆ ಹುಮ್ಮಸ್ಸಿನಲ್ಲಿ ಅಣ್ಣನಿಗಿಂತ ಒಂದು ಕೈ ಮೇಲು. ಬರುಬರುತ್ತಾ ನೋಡಲು ಎರಡು ಕಣ್ಣು ಸಾಲದಂತೆ ಮಾಡತೊಡಗಿದರು.

ಮಧ್ಯಾಹ್ನ ಒಳಗೆ ಕುಳಿತು ಬ್ರೆಡ್ಡು ತಿಂದೆವು. ಆಮೇಲೆ ನಡೆದದ್ದು ಅನ್ಯಾಯ. ಹೆಂಡತಿ ಟವೆಲನ್ನು ಸುತ್ತಿ ತಲೆಗಿಟ್ಟುಕೊಂಡಳು, ನಿದ್ದೆಹೋದಳು. ರಾತ್ರಿಪಾಳಿ ಮಾಡುವ ನರ್ಸಿಗೆ ಗೋಡೆಗೊರಗಿಯೂ ನಿದ್ದೆ ಬರುತ್ತದೆಂಬುದು ನನ್ನ ಲೆಕ್ಕಕ್ಕೇ ಬಂದಿರಲಿಲ್ಲ. ಅವಳ ಹೊಟ್ಟೆಯ ಮೇಲೆ ಪ್ರಶ್ನೆಪತ್ರಿಕೆಯ ತಲೆ, ಅವನ ಹೊಟ್ಟೆಯ ಮೇಲೆ ಬಾಲದ ತಲೆ. ಮೂವರೂ ಸ್ವರ್ಗದಲ್ಲಿ.

ನನ್ನ ಬೆನ್ನಿಗೆ ಮಾತ್ರ ಟೈಲ್ಸಿನ ಒಂದೊಂದು ಸಂದೂ ಪರಿಚಯವಾಗತೊಡಗಿತು. ಎಡಕ್ಕೆ ಹೊರಳಿದರೆ ಭುಜ, ಬಲಕ್ಕೆ ಹೊರಳಿದರೆ ಸೊಂಟ. ಮಕ್ಕಳ ಮೇಲೆ ಪ್ರೀತಿ ಉಕ್ಕಿತು, ಹೊಟ್ಟೆಕಿಚ್ಚೂ ಆಯಿತು. ದಂಡನಾಯಕನಾದವನು ಹೊರಗಿನ ಹಗ್ಗಗಳನ್ನು ಪರೀಕ್ಷಿಸಬೇಡವೇ ಎಂದು ಧೈರ್ಯ ತಂದುಕೊಂಡು ವಿಷಲ್ ಕಚ್ಚಿ ತೆವಳುತ್ತಾ ಆಚೆ ಬಂದೆ. ಹಗ್ಗಗಳು ಸರಿಯಾಗಿದ್ದವು. ಸೋಫಾ ಹೇಗಿದೆಯೋ ನೋಡೋಣವೆಂದು ಮಲಗುವ ಕೋಣೆಗೆ ಹೋದೆ. ಅದೂ ಸರಿಯಾಗಿತ್ತು. ಅದರ ಪಕ್ಕದಲ್ಲೇ ಮಂಚ. ಹಾಸಿಗೆಯ ಅಂಚಿನಲ್ಲಿ, ಅಂಚಿನಲ್ಲಷ್ಟೇ, ಬೆನ್ನು ನೆಟ್ಟಗೆ ಮಾಡಿಕೊಳ್ಳಲು ಕೂತೆ.

ಕಣ್ಣು ಬಿಟ್ಟಾಗ ಮುಖದ ಮೇಲೆ ಎರಡು ಟಾರ್ಚಿನ ಬೆಳಕು. ಬೂಟು ಹಾಕಿಕೊಂಡು ಸಾಲಾಗಿ ನಿಂತಿದ್ದ ಮಕ್ಕಳು ಏದುಸಿರು ಬಿಡುತ್ತಿದ್ದರು.

"ಅಪ್ಪ, ಅಪಾಯ ಎಲ್ಲಿ?" ಎಂದ ಪ್ರಶ್ನೆಪತ್ರಿಕೆ.

ಬಾಗಿಲಲ್ಲಿ ಹೆಂಡತಿ, ಕೈಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಪರೀಕ್ಷೆಯ ಫಲಿತಾಂಶ ಕೇಳಲು ಬಂದಿದ್ದ ಅವಳ ತಮ್ಮ ಅವಳ ಹಿಂದೆ.

"ನಿಮ್ಮ ಒಂದೊಂದು ಗೊರಕೆಗೂ ವಿಷಲ್ ಕೂಗ್ತಾ ಇತ್ತು" ಎಂದಳು ಹೆಂಡತಿ, ರೋಗಿಗೆ ಹೇಳುವಷ್ಟು ಮೆಲ್ಲಗೆ. "ಮಕ್ಕಳು ಓಡಿಬಂದವು. ನೀವು ಕಲಿಸಿದ ಹಾಗೇ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ಆದರೂ ಜಟ್ಟಿಯ ಮೀಸೆ ಮಣ್ಣಾಗಬಾರದಲ್ಲ. "ಆಯ್ತು, ಮಾತು ಅಂದ್ರೆ ಮಾತು. ಹೋಟೆಲಿಗೇ ಹೋಗೋಣ" ಎಂದೆ.

"ನಾವ್ಯಾಕೆ ಹೋಟೆಲಿಗೆ? ನಾವು ನಿದ್ದೆ ಮಾಡಿದ್ವಲ್ಲ" ಎಂದ ಮಗ. "ನಾವು ಟೆಂಟು" ಎಂದಿತು ಬಾಲ.

ಹೆಂಡತಿ ಮಕ್ಕಳ ಮುಖ ನೋಡಿದಳು. ಡೇರೆಯ ಕಡೆಗೊಮ್ಮೆ ನೋಡಿದಳು. "ನನಗೂ ಬಹಳ ದಿನದ ಮೇಲೆ ಒಳ್ಳೆ ನಿದ್ದೆ ಬಂತು" ಎಂದವಳೇ ತಮ್ಮನತ್ತ ತಿರುಗಿದಳು. "ಒಂದೇ ರೂಮ್ ಮಾಡಿಸು. ಒಬ್ಬರಿಗೆ ಸಾಕು."

"ಕಿಟಕಿಯಿಂದ ಇವರ ಟೆಂಟೂ ಕಾಣತ್ತೆ ಭಾವ" ಎಂದು ಆ ಮಹಾಶಯ ನನ್ನನ್ನು ಸಮಾಧಾನಪಡಿಸಿದ.

ಹೊರಡುವ ದಿನ ಹತ್ತಿರವಾಗಿದೆ. ಡ್ರಿಲ್ ದಿನವೂ ನಡೆಯುತ್ತಿದೆ. ವಿಷಲ್ ಈಗ ಬಾಲದ ಕೊರಳಲ್ಲಿದೆ. ಅದು ಕೂಗಿದ ಕೂಡಲೇ ನಾನು ಬೂಟು ಹಾಕಿಕೊಂಡು ಹೋಗಿ ಸಾಲಿನ ಕೊನೆಯಲ್ಲಿ ನಿಲ್ಲುತ್ತೇನೆ.