ಯಜಮಾನರ ಕಲ್ಲು, ನಮ್ಮನೆ ಆರ್‌ಓ

ನಾನು ಬೈಲಹೊಂಗಲದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ನಾನು ಹೇಳಿದ್ದನ್ನು ಮಕ್ಕಳು ಪರೀಕ್ಷೆಯ ಮಟ್ಟಿಗಾದರೂ ನಂಬುತ್ತಾರೆ. ಮನೆಯಲ್ಲಿ, ಓಣಿಯಲ್ಲಿ, ಬೀಗರಲ್ಲಿ ಒಬ್ಬರೂ ನಂಬುವುದಿಲ್ಲ. ಇದು ದಿನಾ ಇದ್ದದ್ದೇ. ಆದರೆ ನೀರಿನ ವಿಷಯದಲ್ಲಿ ಆದಷ್ಟು ಫಜೀತಿ ಬೇರೆ ಯಾವುದರಲ್ಲೂ ಆಗಿಲ್ಲ.

ಡಾಕ್ಟರು ಹೇಳಿದ್ದು

ನಮ್ಮ ಯಜಮಾನರದು ಬಜಾರಿನಲ್ಲಿ ಬೀಜ-ಗೊಬ್ಬರದ ಅಂಗಡಿ. ಬೆಳಗಿನಿಂದ ಸಂಜೆತನಕ ಚಹಾದ ಮೇಲೆ ಚಹಾ, ನೀರು ಮಾತ್ರ ಮುಟ್ಟುವುದಿಲ್ಲ. ಕೊನೆಗೆ ಕಿಡ್ನಿಯಲ್ಲಿ ಕಲ್ಲಾಯಿತು. ಅವರು ನೋವಿಗೆ ನೆಲದ ಮೇಲೆ ಹೊರಳಾಡತೊಡಗಿದಾಗ ಡಾಕ್ಟರ ಹತ್ತಿರ ಕರೆದೊಯ್ದೆ.

"ಸಣ್ಣ ಕಲ್ಲೈತಿ. ನೀರು ಭಾಳ ಕುಡೀರಿ, ತಾನ ಬಿದ್ದು ಹೋಗತೈತಿ" ಅಂದರು ಡಾಕ್ಟರು.

"ಚಾದಾಗ ಇರೂದೂ ನೀರ ಅಲ್ಲೇನ್ರಿ?" ಅಂದರು ಇವರು. ಡಾಕ್ಟರು ಮುಖ ಕಿವುಚಿ ನನ್ನ ಕಡೆ ನೋಡಿದರು.

ಹೊರಗೆ ಬಂದದ್ದೇ ಇವರು ತೀರ್ಪು ಕೊಟ್ಟರು: "ನಮ್ಮ ಮನಿ ನೀರ ಚಲೋ ಇಲ್ಲ ಅಂತ ಡಾಕ್ಟರ ಹೇಳಿದ್ರಲ್ಲ, ನೀರ ಶುದ್ಧ ಮಾಡೂ ಆರ್‌ಓ ಮಷಿನ್ ಹಾಕಸೂಣು."

"ಎಲ್ಲಿ ಹೇಳಿದ್ರೀ?"

"ಬಾಯಿಲೆ ಹೇಳಲಿಲ್ಲ. ಮಾರಿ ಮ್ಯಾಲ ಕಾಣತಿತ್ತು."

ಕಂದು ನೀರು

ನೀರಿನಲ್ಲಿ ಎಷ್ಟು ಉಪ್ಪು-ಸುಣ್ಣ ಕರಗಿದೆ ಎಂದು ತೋರಿಸುವ, ಪೆನ್ನಿನಂಥ ಒಂದು ಮೀಟರ್ ತರಿಸಿದೆ. ನಮ್ಮ ಮನೆಗೆ ನಳದಲ್ಲಿ ಬರುವುದು ಹೊಳೆ ನೀರು. ಅಂಕಿ ಕಡಿಮೆಯೇ ಬಂತು. "ಆರ್‌ಓ ಬ್ಯಾಡ್ರಿ, ಸೋಸಿ ಕಾಯಿಸಿದ್ರ ಸಾಕು" ಎಂದೆ. ಇವರು ಮರುದಿನವೇ ಮಷಿನ್ ಮಾರುವವನನ್ನು ಕರೆತಂದರು.

ಆತ ನಮ್ಮ ನೀರು ಒಂದು ಗ್ಲಾಸಿಗೆ, ತನ್ನ ಆರ್‌ಓ ನೀರು ಇನ್ನೊಂದು ಗ್ಲಾಸಿಗೆ ಹಾಕಿ, ಎರಡರಲ್ಲೂ ಕಬ್ಬಿಣದ ಕಡ್ಡಿ ಇಳಿಸಿ ಕರೆಂಟ್ ಕೊಟ್ಟ. ನಮ್ಮದು ಗಟಾರದ ನೀರಿನಂತೆ ಕಂದಾಯಿತು. ಅವನದು ತಿಳಿಯಾಗೇ ಉಳಿಯಿತು. ನೋಡಲು ನೆರೆದಿದ್ದ ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದರು.

ನಾನು ಅವನ ಗ್ಲಾಸಿಗೆ ಒಂದು ಚಿಟಿಕೆ ಉಪ್ಪು ಹಾಕಿ, ಮತ್ತೆ ಕರೆಂಟ್ ಕೊಡಿಸಿದೆ. ಅದೂ ಕಂದಾಯಿತು. "ನೋಡ್ರಿ, ಈ ಬಣ್ಣ ಕಡ್ಡಿ ಕರಗಿ ಬಂದದ್ದು, ನೀರಿನದಲ್ಲ. ಉಪ್ಪಿದ್ರ ಕರೆಂಟ್ ಹರೀತೈತಿ, ಅಷ್ಟ" ಎಂದು ಬಿಡಿಸಿ ಹೇಳಿದೆ. ಗೆದ್ದೆ ಅಂದುಕೊಂಡೆ.

ಪಕ್ಕದ ಮನೆಯಾಕೆ ಗಾಬರಿಯಾಗಿ ಅವನನ್ನೇ ಕೇಳಿದಳು: "ಯಪ್ಪಾ, ಉಪ್ಪಿನ್ಯಾಗೂ ಇಷ್ಟ ಹೊಲಸ ಇರತೈತಿ ಅಂದಂಗಾತು! ಉಪ್ಪಿಗೂ ಮಷಿನ್ ಅದಾವೇನ?"

ಉಗರಗೋಳದ ಅಂಕಿ

ಆರ್‌ಓ ನಿಜವಾಗಿ ಬೇಕಾದ ಮನೆ ಬೇರೆಯೇ ಇತ್ತು. ಉಗರಗೋಳದಲ್ಲಿ ನಮ್ಮ ಬೀಗರು ಬೋರಿನ ನೀರು ಕುಡಿಯುತ್ತಾರೆ. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ಹೋದಾಗ ಮೀಟರ್ ಅದ್ದಿದೆ. ಅಂಕಿ ಸಾವಿರ ದಾಟಿ ಓಡಿತು. ಮೀಟರನ್ನು ಬೀಗರ ಕಣ್ಣ ಮುಂದೆ ಹಿಡಿದೆ.

ಬೀಗರು ಕನ್ನಡಕ ಏರಿಸಿ ನೋಡಿ, "ನಿಮ್ಮ ಮನ್ಯಾಗ ಎಷ್ಟ ಬಂದಿತ್ತರಿ ಅಕ್ಕೋರ?" ಎಂದರು.

"ಇನ್ನೂರೂ ಬರಲಿಲ್ರಿ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಮನಸಿಗೆ ಹಚ್ಕೋಬ್ಯಾಡ್ರಿ, ಮುಂದ ಸುಧಾರಸ್ತೈತಿ." ಹೊರಡುವಾಗ ಅದೇ ನೀರಿನದೊಂದು ಕ್ಯಾನ್ ತುಂಬಿ ಗಾಡಿಯಲ್ಲಿ ಇಟ್ಟರು. ಕಾಯಿಲೆ ಇದ್ದವರಿಗೆ ಕಸುವಿನ ನೀರು ಬೇಕಂತೆ.

ಮಷಿನ್ ಬಂತು

ಇನ್ನೊಮ್ಮೆ ನೋವು ಬಂದಾಗ ನಾನು ಸೋತೆ. ವಾದ ಮಾಡುವ ಶಕ್ತಿಯೇ ಉಳಿದಿರಲಿಲ್ಲ. ಮಷಿನ್ ಗೋಡೆಗೆ ಬಂತು. ಕೂಡಿಸಲು ಬಂದವನು ನಮ್ಮ ಅತ್ತೆಗೆ, "ಈ ನಳದಾಗ ಬರೂದು ಶುದ್ಧ ನೀರ್ರಿ ಅಮ್ಮಾರ, ಆ ಪೈಪಿನ್ಯಾಗ ಬರೂದು ಹೊರಗ ಬಿಡೂ ನೀರ್ರಿ" ಎಂದು ತಿಳಿಸಿ ಹೋದ. ಅಂದಿನಿಂದ ಯಜಮಾನರು ಹೊಸ ಮನುಷ್ಯರಾದರು. ಮನೆಯಲ್ಲಿ ಆರ್‌ಓ ಇದೆಯೆಂಬ ಹೆಮ್ಮೆಗೆ ತಂಬಿಗೆಯ ಮೇಲೆ ತಂಬಿಗೆ ಕುಡಿದರು, ಅಂಗಡಿಗೂ ಬಾಟಲಿಯಲ್ಲಿ ಒಯ್ದರು.

ಸ್ಕ್ಯಾನ್ ಮಾಡಿಸಿದಾಗ ಕಲ್ಲು ಇರಲಿಲ್ಲ. ನಾನು ಆಸ್ಪತ್ರೆಯಲ್ಲೇ ಅತ್ತುಬಿಟ್ಟೆ. ಇವರು ಮಾತ್ರ ಓಣಿಯ ಕಟ್ಟೆಯ ಮೇಲೆ ಕೂತು ಆರ್‌ಓ ನೀರಿನ ಮಹಿಮೆ ಹೇಳತೊಡಗಿದರು. ರಾಮದುರ್ಗದಲ್ಲಿರುವ ತಮ್ಮ ತಂಗಿಯ ಮನೆಗೂ ಒಂದು ಮಷಿನ್ ಹೇಳಿಬಿಟ್ಟರು.

ಅವತ್ತು ಸಂಜೆ ಅಡುಗೆಮನೆಗೆ ಹೋದರೆ, ಅತ್ತೆ ಹೊರಗೆ ಬಿಡುವ ಪೈಪಿನ ಕೆಳಗಿನ ಕೊಡವನ್ನು ಎತ್ತಿ, ನಾವು ಕುಡಿಯುವ ತಾಮ್ರದ ಹಂಡೆಗೆ ಸುರಿಯುತ್ತಿದ್ದರು.

"ಅತ್ತೀ, ಇದೇನ್ರಿ! ಶುದ್ಧ ನೀರ ಎಲ್ಲಿ?"

"ಅದನ್ನ ಲಿಂಗಪೂಜಿಗೆ ಇಟ್ಟೇನಿ. ಉಳದದ್ದು ಪತ್ರಿ ಗಿಡಕ್ಕ. ಅಷ್ಟ ಶುದ್ಧ ಇದ್ದದ್ದನ್ನ ನಾವು ಎಂಜಲಾ ಮಾಡಾಕ ಬರತೈತೇನವಾ?"

"ಅಂದ್ರ ಮೊದಲಿಂದ ನಾವೆಲ್ಲ ಕುಡದದ್ದು..."

"ಈ ಪೈಪಿಂದ. ಕೊಡಗಟ್ಟಲೆ ಬರತೈತಿ. ಚೆಲ್ಲಬೇಕೇನ?"

ನಾನು ಕಟ್ಟೆಯ ಕಡೆ ಓಡಹೊರಟೆ. ಅತ್ತೆ ನನ್ನ ಸೆರಗು ಹಿಡಿದು ನಿಲ್ಲಿಸಿ, ದನಿ ತಗ್ಗಿಸಿದರು: "ಅವಂಗ ಹೇಳಬ್ಯಾಡವಾ. ಹೇಳಿದ್ರ ಮತ್ತ ನೀರ ಕುಡಿಯೂದ ಬಿಡ್ತಾನ."

ಅಷ್ಟರಲ್ಲಿ ಹೊರಗಿನಿಂದ ಯಜಮಾನರ ಕೂಗು ಕೇಳಿತು: "ಏ, ಇವರೆಲ್ಲಾರಿಗೂ ಒಂದೊಂದ ಗ್ಲಾಸ್ ಆರ್‌ಓ ನೀರು ತಾ, ರುಚಿ ನೋಡ್ಲಿ!"

ವಿಜ್ಞಾನ ಕಲಿಸುವ ನಾನು ಬಾಯಿ ಮುಚ್ಚಿಕೊಂಡು ಹಂಡೆಯಿಂದ ತುಂಬಿ ಕೊಟ್ಟೆ.