ಮಾವನನ್ನು ಮೇಲೆ ಹತ್ತಿಸಿದ ಕಥೆ

ನನ್ನಂಥ ಅಳಿಯ ಯಾರಿಗೂ ಸಿಕ್ಕಿರಲಿಕ್ಕಿಲ್ಲ, ಸಿಗುವುದೂ ಬೇಡ! ಕೂತಲ್ಲಿಂದಲೇ, ಎರಡು ಬೆರಳಿನಲ್ಲಿ ಕಂಪ್ಯೂಟರ್ ಕುಟ್ಟಿ ಮಾವನ ಪ್ರಾಣ ಉಳಿಸುತ್ತೇನೆಂದು ಪ್ರತಿಜ್ಞೆ ಮಾಡಿದ ಮಹಾಪುರುಷ ನಾನು.

ಮಾವ ನಿವೃತ್ತ ಬಸ್ ಡ್ರೈವರ್. ಎದೆನೋವೆಂದು ಆಸ್ಪತ್ರೆ ಸೇರಿದ್ದರು. ಮರುದಿನ ಬೆಳಿಗ್ಗೆ ಹೃದಯದ ಆಪರೇಷನ್. ಅವರದು ಅಪರೂಪದ ಗುಂಪಿನ ರಕ್ತ. ಸಂಜೆಯೊಳಗೆ ಎರಡು ಬಾಟಲಿ ಹೊಂದಿಸದಿದ್ದರೆ ಆಪರೇಷನ್ ಇಲ್ಲ, ಕಾಯುವಷ್ಟು ತ್ರಾಣ ಆ ಹೃದಯಕ್ಕೂ ಇಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

"ನಿಮ್ಮದೂ ಅದೇ ಗುಂಪಲ್ವಾ?" ಎಂದಳು ಹೆಂಡತಿ.

ನನ್ನ ಜೀವ ಬಾಯಿಗೆ ಬಂತು! ಸೂಜಿ ಕಂಡರೆ ಕಾಲು ನಡುಗುವವನು ನಾನು. ಅವಳು ನನ್ನ ಶರ್ಟಿಗೆ ಗುಂಡಿ ಹೊಲಿಯುವಾಗಲೂ ಪಕ್ಕದ ಕೋಣೆಗೆ ಹೋಗಿಬಿಡುತ್ತೇನೆ.

"ನಾನೊಬ್ಬ ಕೊಟ್ರೆ ಒಂದೇ ಬಾಟಲಿ ಕಣೇ! ಒಂದು ವೆಬ್‌ಸೈಟ್ ಮಾಡ್ತೀನಿ ನೋಡು, ಊರಿಗೆ ಊರೇ ರಕ್ತ ಕೊಡೋಕೆ ಸಾಲು ನಿಲ್ಲುತ್ತೆ!"

"ನಿಮಗೆ ಮಾಡೋಕೆ ಬರುತ್ತಾ?"

"ಫ್ರೇಮ್‌ವರ್ಕ್ ಅಂತ ಇದೆ. ಅರ್ಧ ಕೆಲಸ ಅದೇ ಮಾಡಿಟ್ಟಿರುತ್ತೆ. ಹೊಸಬರಿಗೆ ಅಂತಾನೇ ಪಾಠಾನೂ ಇದೆ."

ಹಾಸಿಗೆಯಲ್ಲಿದ್ದ ಮಾವ ಮೆಲ್ಲಗೆ ಕಣ್ಣು ಬಿಟ್ಟರು. "ಫ್ರೇಮಾ? ಅಳಿಯಂದಿರೇ, ಇನ್ನೂ ಉಸಿರಾಡ್ತಿದೀನಿ. ಆಗಲೇ ನನ್ನ ಫೋಟೋಗೆ ಫ್ರೇಮ್ ಹಾಕಿಸೋಕೆ ಹೊರಟ್ರಾ?"

ಯಾರೂ ನಗಲಿಲ್ಲ. ಹೆಂಡತಿ ಕಣ್ಣೊರೆಸಿಕೊಂಡು ತನ್ನ ಚಿಕ್ಕಪ್ಪನ ಮಕ್ಕಳಿಬ್ಬರಿಗೆ ಫೋನ್ ಮಾಡಿದಳು. ಅವರದೂ ಅದೇ ಗುಂಪು. "ಈಗ್ಲೇ ಹೊರಟ್ವಿ ಅಕ್ಕ" ಎಂದರು. ನಾನು ಮನೆಗೆ ಓಡಿದೆ. ಸೂಜಿಯಿಂದ ಎಷ್ಟು ದೂರವೋ ಅಷ್ಟು ಕ್ಷೇಮ!

ಪಾಠದ ಮೊದಲ ಮಾತೇ "ನಿಮ್ಮ ಪ್ರಾಜೆಕ್ಟಿಗೊಂದು ಹೆಸರಿಡಿ" ಎಂದಿತ್ತು. ಈ ಸಾಹಸವೆಲ್ಲ ಯಾರಿಗಾಗಿ? ಭಕ್ತಿಯಿಂದ "ಮಾವ" ಎಂದು ಹೆಸರಿಟ್ಟೆ. ಗ್ರಹಚಾರ ವಕ್ಕರಿಸಿದ್ದು ಅಲ್ಲೇ.

ಪುಟ ತೆರೆಯಲು ಹೋದರೆ ಪರದೆ ತುಂಬ ಕೆಂಪು ಅಕ್ಷರ! ಕೆಂಪು ನೋಡಿದ್ದೇ ರಕ್ತ ನೆನಪಾಗಿ ತಲೆ ಸುತ್ತಿತು. ಕಂಪ್ಯೂಟರ್ ಬಲ್ಲ ಗೆಳೆಯನೊಬ್ಬನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ ಕೂಗಿದೆ: "ಏನ್ ಮಾಡಿದ್ರೂ ಮಾವ ಏಳ್ತಾನೇ ಇಲ್ಲ ಕಣೋ!"

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಅತ್ತೆ ಅಲ್ಲಿದ್ದರು.

"ಮೊದಲು ಶುರು ಮಾಡಿದ್ದ ಪ್ರೋಗ್ರಾಮ್ ಇನ್ನೂ ಒಳಗೇ ಓಡ್ತಿರುತ್ತೆ. ಅದನ್ನ ಕೊಂದು ಮತ್ತೆ ಶುರು ಮಾಡು" ಎಂದ ಗೆಳೆಯ.

"ಹಾಗಂತೀಯಾ? ಸರಿ, ಮಾವನ್ನ ಕೊಂದೇ ಬಿಡ್ತೀನಿ!"

ತಿರುಗಿ ನೋಡಿದರೆ ಅತ್ತೆ ಸೌಟು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಅಯ್ಯೋ ಅತ್ತೆ, ಇದು ಬೇರೆ ಮಾವ!"

"ನಿಮಗಿರೋದು ಒಬ್ಬರೇ ಮಾವ" ಎಂದು ಅವರು ಅಲ್ಲೇ ಕುಸಿದು ಕೂತು ಅಳತೊಡಗಿದರು. ಅವರಿಗೆ ನೀರು ಕುಡಿಸಿ, ಕಂಪ್ಯೂಟರ್ ತೋರಿಸಿ, ಸಮಾಧಾನ ಮಾಡುವಷ್ಟರಲ್ಲಿ ಮಧ್ಯಾಹ್ನ ಕಳೆಯಿತು.

ಅಂತೂ ಪುಟ ಎದ್ದಿತು. ಆದರೆ ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ! ಲೋಕಕ್ಕೆಲ್ಲ ಕಾಣಬೇಕಾದರೆ ಸರ್ವರ್ ಮೇಲೆ ಏರಿಸಬೇಕಂತೆ. ಏರಿಸಿದೆ, ಜಾರಿತು. ಮತ್ತೆ ಏರಿಸಿದೆ. ಹತ್ತಿತು! ಹಿಗ್ಗಿ ಹೀರೇಕಾಯಿಯಾಗಿ, ನೆಂಟರೆಲ್ಲ ಇರುವ ವಾಟ್ಸಾಪ್ ಗ್ರೂಪಿಗೆ ಬರೆದೆ: "ಕೊನೆಗೂ ಮಾವ ಮೇಲೆ ಹೋದರು! ಎಲ್ಲರೂ ಬಂದು ನೋಡಿ!"

ಕೈಮುಗಿದ ಚಿತ್ರಗಳು ದಬದಬ ಸುರಿದವು. ನನ್ನ ಸಾಧನೆಗೆ ನಮಸ್ಕಾರ ಎಂದುಕೊಂಡೆ. "ಯಾವಾಗ?" ಎಂದು ಯಾರೋ ಕೇಳಿದರು. "ಈಗಷ್ಟೇ. ತುಂಬಾ ಕಷ್ಟಪಟ್ಟು ಕಳಿಸಿದೆ" ಎಂದು ಉತ್ತರಿಸಿದೆ. "ಆತ್ಮಕ್ಕೆ ಶಾಂತಿ ಸಿಗಲಿ" ಎಂದು ಬಂದಾಗಲೇ ನಾನು ಬರೆದದ್ದರ ಇನ್ನೊಂದು ಅರ್ಥ ಹೊಳೆದದ್ದು.

ಬಿದ್ದೆನೋ ಎದ್ದೆನೋ ಎಂದು ಆಸ್ಪತ್ರೆಗೆ ಓಡಿದೆ. ಹೆಂಡತಿಯ ಚಿಕ್ಕಪ್ಪನ ಹಿರಿಮಗ ಹೂವಿನ ಹಾರ ಹಿಡಿದು ಬಂದವನು, ಹಾರ ಬೆಂಚಿನ ಮೇಲಿಟ್ಟು ರಕ್ತ ಕೊಡುತ್ತಿದ್ದ. ಕಿರಿಯವನು "ಇನ್ಯಾಕೆ ರಕ್ತ?" ಎಂದು ಅರ್ಧ ದಾರಿಯಲ್ಲೇ ಇಳಿದು ವಾಪಸ್ ಬಸ್ ಹತ್ತಿದ್ದನಂತೆ. ಅವನ ಫೋನ್ ಸ್ವಿಚ್ ಆಫ್. ನನ್ನ ಪುಟಕ್ಕೆ ಒಂದು ನರಪಿಳ್ಳೆಯೂ ಬಂದಿರಲಿಲ್ಲ.

ಹೆಂಡತಿ ಕೂಗಾಡಲಿಲ್ಲ. ನನಗೆ ಅದೇ ಹೆಚ್ಚು ಭಯವಾಯಿತು.

"ಇನ್ನೊಂದು ಬಾಟಲಿ ಬೇಕು" ಎಂದಳು. "ನಂಗೆ ಇರೋದು ಒಬ್ಬರೇ ಅಪ್ಪ ಕಣ್ರೀ."

ನನ್ನ ಪುಕ್ಕಲುತನಕ್ಕೆ ಆ ಮನುಷ್ಯ ನಿಜವಾಗಿಯೂ ಮೇಲೆ ಹೋಗಿಬಿಟ್ಟರೆ? ಶರ್ಟಿನ ತೋಳು ಮಡಚಿದೆ. ಕಣ್ಣು ಮುಚ್ಚಿ ಗೊತ್ತಿರುವ ದೇವರನ್ನೆಲ್ಲ ಕರೆದೆ, ಗೊತ್ತಿಲ್ಲದವರನ್ನೂ ಕರೆದೆ. ಕೊಟ್ಟೇಬಿಟ್ಟೆ!

ಮರುದಿನ ಆಪರೇಷನ್ ಕೋಣೆಯ ಮುಚ್ಚಿದ ಬಾಗಿಲೆದುರು ಎಲ್ಲರೂ ಕಾದು ಕೂತೆವು. ನನ್ನ ಮೊಬೈಲ್ ಹೆಂಡತಿಯ ಚೀಲದಲ್ಲಿ ಜಪ್ತಿಯಾಗಿತ್ತು. ಸಂಜೆ ಡಾಕ್ಟರು ಹೊರಬಂದು "ಗಂಡಾಂತರ ಕಳೀತು" ಎಂದಾಗ ಅವಳು ಗೋಡೆಗೊರಗಿ ಅತ್ತಳು. ನಾನೂ ಅತ್ತುಬಿಟ್ಟೆ.

ಮಾವ ಮಾತಾಡುವಷ್ಟು ಚೇತರಿಸಿಕೊಳ್ಳುವಷ್ಟರಲ್ಲಿ ಅತ್ತೆ ನನ್ನ ಕಂಪ್ಯೂಟರ್ ಸಾಹಸವನ್ನೆಲ್ಲ ಮಗಳಿಗೂ ಗಂಡನಿಗೂ ವರದಿ ಒಪ್ಪಿಸಿದ್ದರು. ನಾನು ಎದೆಯುಬ್ಬಿಸಿ ವಾರ್ಡಿಗೆ ಹೋದೆ.

"ಮಾವ, ನಿಮ್ಮ ಮೈಯಲ್ಲಿ ಓಡ್ತಿರೋದು ನನ್ನ ರಕ್ತ! ಇನ್ಮೇಲೆ ಸೂಜಿಗೀಜಿ ಎಲ್ಲಾ ನನಗೆ ಲೆಕ್ಕಕ್ಕೇ ಇಲ್ಲ..."

ಅಷ್ಟರಲ್ಲಿ ನರ್ಸ್ ಅವರಿಗೆ ಇಂಜೆಕ್ಷನ್ ಕೊಡಲು ಬಂದರು. ಸೂಜಿ ಫಳಕ್ಕೆಂದಿತು. ಆಮೇಲೆ ನನಗೆ ಕಂಡದ್ದು ಮಂಚದ ಕಾಲು ಮಾತ್ರ.

ಎಲ್ಲೋ ದೂರದಿಂದೆಂಬಂತೆ ಮಾವನ ಕ್ಷೀಣ ದನಿ ಕೇಳಿಸಿತು: "ಏನಮ್ಮಾ, ಅಳಿಯಂದಿರು ಮೇಲೆ ಹೋದ್ರಾ?"

"ಇಲ್ಲಪ್ಪ, ಏಳ್ತಿಲ್ಲ ಅಷ್ಟೇ" ಎಂದಳು ನನ್ನ ಹೆಂಡತಿ. "ಕೊಂದು ಮತ್ತೆ ಶುರು ಮಾಡಿದ್ರೆ ಸರಿಹೋಗ್ತಾರೆ!"