ಓರೆ ಮಾಡಬಾರದ ಟ್ಯೂಬು

ಹೆಡತಲೆ ಊರಿನ ನಟರಾಜನ ಆ ದಿನದ ಫಜೀತಿಗೆಲ್ಲ ಅವನ ನಾಚಿಕೆಯೇ ಮೂಲ. ಬೆಳಿಗ್ಗೆ ಆಶಾ ಕಾರ್ಯಕರ್ತೆ ಇಂದ್ರಾಣಿ ಬಂದು ನೀರಿನಂಥ ದ್ರವವಿದ್ದ ಒಂದು ಪುಟ್ಟ ಟ್ಯೂಬನ್ನೂ ಒಂದು ಹತ್ತಿ ಕಡ್ಡಿಯನ್ನೂ ಅವನ ಕೈಗಿಟ್ಟಳು.

"ಸಾಕಮ್ಮಕ್ಕ ಹೊಲಕ್ಕೆ ಹೋಗವ್ರಂತೆ. ನಂಗೆ ನರಸೀಪುರದಲ್ಲಿ ಮೀಟಿಂಗ್ ಅದೆ, ಕಾಯಕ್ಕಾಗಲ್ಲ. ನಿಮ್ಮವ್ವಂಗೆ ನೀನೇ ಹೇಳ್ಬುಡಪ್ಪ. ಇದು ಗರ್ಭಕೋಶದ ಬಾಯಿ ಕ್ಯಾನ್ಸರಿಗೆ ಎಚ್‌ಪಿವಿ ಟೆಸ್ಟು. ಆ ವೈರಸ್ಸು ಒಳಗೆ ಕೂತಿದ್ರೆ ಕಾಯಿಲೆ ಬರೋಕೆ ವರ್ಷಾನುಗಟ್ಲೆ ಮುಂಚೇನೆ ಗೊತ್ತಾಯ್ತದೆ. ಡಾಕ್ಟ್ರ ಮುಂದೆ ಮಲಗೋದು ಬೇಡ, ಬಚ್ಚಲುಮನೇಲಿ ತಾವೇ ಕಡ್ಡಿ ಹಾಕ್ಕೊಂಡು ತಿರುಗಿಸಿ ಟ್ಯೂಬಿಗೆ ಬಿಟ್ರಾಯ್ತು. ನಂಜನಗೂಡಿನ ಕ್ಯಾಂಪಿಗೆ ತಲುಪಿಸ್ಬುಡು. ಓರೆ ಮಾಡ್ಬೇಡ."

ಕಡ್ಡಿ ಎಲ್ಲಿಗೆ ಹಾಕಬೇಕೆಂಬುದನ್ನೂ ಆಕೆ ಬಿಡಿಸಿಯೇ ಹೇಳಿದಳು. ಆಗ ನಟರಾಜ ತನ್ನ ಚಪ್ಪಲಿಯನ್ನು ನೋಡುತ್ತಿದ್ದ.

ಅವನಿಗೆ ಅಸಡ್ಡೆಯೇನಿರಲಿಲ್ಲ. ಹೋದ ವರ್ಷ ಚಿಕ್ಕವ್ವ ಇದೇ ಕಾಯಿಲೆಯಲ್ಲಿ ತೀರಿಕೊಂಡಿದ್ದಳು. ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಅವ್ವನಿಗೂ ಹಾಗಾದರೆ ಎಂಬ ಭಯಕ್ಕೆ ಅವನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಆದರೆ ಹೆತ್ತ ತಾಯಿಯ ಮುಂದೆ ಮಗನಾದವನು ಆ ಮಾತು ಆಡುವುದು ಹೇಗೆ? ಹೆಂಡತಿ ಪವಿತ್ರಳೋ ಬಾಣಂತನಕ್ಕೆ ಬನ್ನೂರಿನ ತವರಿಗೆ ಹೋಗಿದ್ದಳು. ಸಾಕಮ್ಮ ಹೊಲದಿಂದ ಬಂದೊಡನೆ ನಟರಾಜ ಗೋಡೆಯ ಕಡೆ ತಿರುಗಿ ಒದರಿದ.

"ಅವ್ವಾ, ಚಿಕ್ಕವ್ವಂಗೆ ಬಂದದ್ದು ನಿಂಗೆ ಬರ್ದಂಗೆ ಟೆಸ್ಟು ಇದು. ಬಚ್ಚಲಿಗೋಗಿ ಕಡ್ಡಿ ಹಾಕ್ಕೊಂಡು ಚೆನ್ನಾಗಿ ತಿರುಗ್ಸಿ ಇದ್ರೊಳಕ್ಕೆ ಬುಡು."

"ಅಷ್ಟೇ ತಾನೆ? ನಂಗೊತ್ತು ಬುಡು," ಎಂದಳು ಸಾಕಮ್ಮ.

ಆ ಮಾತು ಕೇಳಿ ನಟರಾಜನಿಗೆ ತಲೆಯ ಮೇಲಿನ ಹೊರೆ ಇಳಿಸಿದಂತಾಯಿತು.

ನಂಜನಗೂಡಿನ ಬಸ್ಸಿನಲ್ಲಿ, ಅವ್ವ ಬಚ್ಚಲಿನಿಂದ ತಂದುಕೊಟ್ಟ ಟ್ಯೂಬನ್ನು ಆರತಿ ದೀಪದಂತೆ ಎದೆಯೆದುರು ನೆಟ್ಟಗೆ ಹಿಡಿದು ಕೂತ. ಪಕ್ಕಕ್ಕೆ ಬಂದು ಕೂತವನು ಪಂಚಾಯ್ತಿ ಮೆಂಬರ್ ಚೆಲುವಯ್ಯ. ಊರಿನ ಯಾವ ಮನೆಯ ವಿಚಾರವನ್ನೂ ಕೆದಕದೆ ಬಿಟ್ಟ ಆಸಾಮಿಯಲ್ಲ.

"ಏನ್ಲಾ ಅದು?"

"ನೀ... ನೀರು ಕಣ್ಮಾವ. ನಮ್ಮೂರ ಟ್ಯಾಂಕಿಂದು. ಟೆಸ್ಟಿಗೆ."

"ಯಾಕ್ಲಾ? ನೀರ್ಗೇನಾಗದೆ?"

"ಏನೋ ವೈರಸ್ಸಂತೆ," ಎಂದುಬಿಟ್ಟ ನಟರಾಜ. ಆ ಗಾಬರಿಯಲ್ಲಿ ಬಾಯಿಗೆ ಬಂದದ್ದು ಅದೊಂದೇ.

ಚೆಲುವಯ್ಯ ಫೋನು ತೆಗೆದ. ಬಸ್ಸು ನಂಜನಗೂಡು ಮುಟ್ಟುವಷ್ಟರಲ್ಲಿ ಊರಲ್ಲಿ ನೀರುಗಂಟಿ ಮಾದಯ್ಯ ವಾಲ್ವು ತಿರುಗಿಸಿ ನೀರು ನಿಲ್ಲಿಸಿದ್ದ. ಹೋಟೆಲಿನವರು ಸಾಂಬಾರು ಚರಂಡಿಗೆ ಸುರಿದರು. ಬೆಳಿಗ್ಗೆ ನೀರು ಕುಡಿದವರಿಗೆಲ್ಲ ಒಬ್ಬರ ಹಿಂದೊಬ್ಬರಿಗೆ ಹೊಟ್ಟೆ ನೋಯತೊಡಗಿತು. ನಟರಾಜನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಅವನು ಕ್ಯಾಂಪಿನಲ್ಲಿ ಟ್ಯೂಬು ಕೊಟ್ಟು, "ನಿಮ್ಮ ತಾಯಿ ಸರಿಯಾಗಿ ಮಾಡ್ಕೊಂಡ್ರಾ?" ಎಂದ ನರ್ಸಿಗೆ ನೆಲ ನೋಡಿಕೊಂಡೇ ತಲೆಯಾಡಿಸಿ, ಸಿಕ್ಕಿದ ಬಸ್ಸು ಹತ್ತಿ ವಾಪಸ್ಸು ಬಂದ.

ಮನೆ ಮುಂದೆ ಖಾಲಿ ಬಿಂದಿಗೆ ಹಿಡಿದು ಅರ್ಧ ಊರೇ ನಿಂತಿತ್ತು.

"ನೀರ್ಗೇನೂ ಆಗಿಲ್ಲ ಕಣ್ರಪ್ಪಾ, ನಾನೇ ಸುಳ್ಳೇಳ್ದೆ," ಎಂದು ಕೈಮುಗಿದ ನಟರಾಜ. "ಅದು ನಮ್ಮವ್ವನ ಟೆಸ್ಟು. ಚಿಕ್ಕವ್ವಂಗೆ ಬಂದಿತ್ತಲ್ಲ, ಆ ಕಾಯಿಲೇದು."

"ದಿಟ ಕಣ್ರವ್ವಾ," ಎಂದಳು ಜಗುಲಿ ಮೇಲಿದ್ದ ಸಾಕಮ್ಮ. "ನನ್ನ ಮೂಗಿಂದು."

ನಟರಾಜ ಬೆಚ್ಚಿಬಿದ್ದ. "ಮೂಗಿಂದಾ?"

"ಊಂ ಮತ್ತೆ. ಕೊರೋನಾದಾಗ ಸ್ಕೂಲ್ತವು ಮಾಡಿದ್ರಲ್ಲ, ಅಂಗೇಯ. ಎರಡು ಹೊಳ್ಳೆಗೂವೆ ಕಣ್ಣಲ್ಲಿ ನೀರು ಬರೋಗಂಟ ತಿರುಗ್ಸಿವ್ನಿ."

ನಟರಾಜನಿಗೆ ಅಳು ಬರುವುದೊಂದು ಬಾಕಿ. ದಿನವಿಡೀ ಜೋಪಾನವಾಗಿ ಹೊತ್ತು ತಿರುಗಿದ್ದು ಅವ್ವನ ನೆಗಡಿಯನ್ನು. ಅವಳ ಒಳಗೆ ಆ ವೈರಸ್ಸು ಇದೆಯೋ ಇಲ್ಲವೋ ಎಂಬುದು ಈಗಲೂ ಗೊತ್ತಿಲ್ಲ.

"ಅಯ್ಯೋ, ಅದು ಮೂಗಿಗಲ್ಲ ಕಣವ್ವಾ!"

"ಮೂಗ್ಗಲ್ದೆ ಇನ್ನೆಲ್ಗಾಕ್ಬೇಕಿತ್ಲಾ?"

ಪಕ್ಕದ ಮನೆಯ ಚನ್ನಾಜಮ್ಮ ಬಿಂದಿಗೆ ಕೆಳಗಿಟ್ಟು ಮುಂದೆ ಬಂದಳು. "ಅಂಗೇ ಬಿಡಿಸಿ ಯೋಳಪ್ಪ. ಇಂದ್ರಾಣಿ ನಾನಿಲ್ದಾಗ ನಮ್ಮನೇಲೂ ಒಂದು ಬುಟ್ಟೋಗವ್ಳೆ. ನಾನೂ ಮೂಗ್ಗೇ ಅನ್ಕೊಂಡಿದ್ದೆ."

ಗೋಡೆಯ ಕಡೆ ತಿರುಗೋಣವೆಂದರೆ ಗೋಡೆಗೂ ಜನ ಒರಗಿ ನಿಂತಿದ್ದರು. ಹೇಳದೆ ವಿಧಿಯಿರಲಿಲ್ಲ. ನಟರಾಜ ಜಗುಲಿಯ ಅಂಚಿಗೆ ಕೂತ.

"ಯೋಳ್ತೀನಿ. ಮೊದ್ಲು ಒಂದ್ಲೋಟ ನೀರು ಕೊಡವ್ವ."

"ನೀರೆಲ್ಲದ್ಲಾ?" ಎಂದಳು ಸಾಕಮ್ಮ. "ಆಗ್ಲೇ ನಿಲ್ಸವ್ರೆ."